ಮೊದಲ ಮನೆಯನ್ನೇ ಬಾಡಿಗೆಗೆಂದು ಕೊಂಡೆ: ಇಂಗ್ಲೆಂಡಿನಲ್ಲಿ ಸಾಲ ಮಾಡಿಸಿಕೊಟ್ಟ ಬ್ರೋಕರ್ ಬಗ್ಗೆ

"ನಿಮ್ಮ ಹೆಸರಿನಲ್ಲಿ ಪ್ರಪಂಚದಲ್ಲಿ ಎಲ್ಲಾದರೂ ಮನೆ ಇದೆಯಾ? ಪಾಲು ಇದ್ದರೂ ಹೇಳಿ." ಮಾರ್ಟ್‌ಗೇಜ್ ಬ್ರೋಕರ್ ಫೋನಿನಲ್ಲಿ ಕೇಳಿದ ಮೂರನೇ ಪ್ರಶ್ನೆ ಇದು. ಸಂಬಳ ಎಷ್ಟು ಅಂತ ಇನ್ನೂ ಕೇಳಿರಲಿಲ್ಲ. ಈ ಒಂದು ಪ್ರಶ್ನೆಯಿಂದ ನನಗೆ 7,400 ಪೌಂಡ್ ಉಳಿಯಿತು. ಹೇಗೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಬ್ರೋಕರ್ ಕಂಪನಿಯ ಹೆಸರು ಹಾಕುತ್ತಿಲ್ಲ. ಅವರಿಂದ ಒಳ್ಳೆಯದೂ ಆಯಿತು, ಎರಡು ತಪ್ಪುಗಳೂ ಆದವು. ಯಾವ ಬ್ರೋಕರ್ ಹತ್ತಿರ ಹೋದರೂ ಏನು ನಿರೀಕ್ಷಿಸಬೇಕು, ಏನು ಕೇಳಬೇಕು ಅನ್ನುವುದು ಓದುವವರಿಗೆ ತಿಳಿದರೆ ನನಗೆ ಸಾಕು.

ನಾನು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಸಂಬಳ ವರ್ಷಕ್ಕೆ ಸುಮಾರು 40,000 ಪೌಂಡ್. ಐಎಲ್ಆರ್, ಅಂದರೆ ಇಲ್ಲೇ ಕಾಯಂ ಆಗಿ ಇರುವ ಅನುಮತಿ, ಸಿಕ್ಕಿ ಕೆಲವು ವರ್ಷಗಳಾದವು. ಒಬ್ಬಳೇ ಇದ್ದೇನೆ. ನೈಟ್ ಶಿಫ್ಟ್ ಮುಗಿಸಿ ನಡೆದೇ ಮನೆ ಸೇರುವಷ್ಟು ಹತ್ತಿರದಲ್ಲಿ ಬಾಡಿಗೆ ರೂಮು. ಅದನ್ನು ಬಿಡುವ ಮನಸ್ಸಿಲ್ಲ. ಲಂಡನ್ನಿನಲ್ಲಿ ಮನೆ ಕೊಳ್ಳುವಷ್ಟು ಸಾಲ ಈ ಸಂಬಳಕ್ಕೆ ಹುಟ್ಟುವುದಿಲ್ಲ. ಹಾಗಾಗಿ ಡರ್ಬಿಯಲ್ಲಿ ಒಂದು ಚಿಕ್ಕ ಟೆರೇಸ್ ಮನೆ (ಗೋಡೆಗೆ ಗೋಡೆ ಅಂಟಿಕೊಂಡ ಸಾಲುಮನೆ) ಕೊಂಡು ಬಾಡಿಗೆಗೆ ಕೊಡೋಣ ಅಂತ ಯೋಚಿಸಿದೆ. ಸೇಂಟ್ ಪ್ಯಾಂಕ್ರಾಸ್‌ನಿಂದ ರೈಲು ಹತ್ತಿದರೆ ಸುಮಾರು ಒಂದೂವರೆ ಗಂಟೆ. ಹಳೆಯ ಸಹೋದ್ಯೋಗಿಯೊಬ್ಬರು ಅಲ್ಲೇ ಇದ್ದಾರೆ, ಬೀದಿಗಳು ಗೊತ್ತು.

ಮೊದಲು ಹೋಗಿದ್ದು ನನ್ನ ಸಂಬಳ ಬೀಳುವ ಬ್ಯಾಂಕಿಗೆ. ಅಪಾಯಿಂಟ್‌ಮೆಂಟ್‌ಗೆ ಮೂರು ವಾರ ಕಾದೆ. ನಲವತ್ತು ನಿಮಿಷ ಮಾತಾಡಿಸಿ ಕೊನೆಗೆ ಹೇಳಿದ್ದು ಇಷ್ಟೇ: "ನೀವು ವಾಸಿಸುವ ಮನೆ ಸ್ವಂತದ್ದಾಗಿರಬೇಕು. ಅದಾದ ಮೇಲೆ ಬೈ-ಟು-ಲೆಟ್." ಬೈ-ಟು-ಲೆಟ್ ಅಂದರೆ ಬಾಡಿಗೆಗೆ ಕೊಡಲೆಂದೇ ಕೊಳ್ಳುವ ಮನೆಯ ಸಾಲ. ಮೊದಲ ದಿನವೇ ಫೋನಿನಲ್ಲಿ ಇದನ್ನು ಹೇಳಬಹುದಿತ್ತು, ಅಲ್ವಾ? ಯಾಕೆ ಹಾಗೆ ಅಂತ ಕೇಳಿದ್ದಕ್ಕೆ "ಪಾಲಿಸಿ" ಅಂದರು.

ನಿಜವಾದ ಕಾರಣ ತಿಳಿಸಿದ್ದು ಬ್ರೋಕರ್. ಬಾಡಿಗೆ ಮನೆಯ ಸಾಲಕ್ಕೆ ಬ್ಯಾಂಕು ಮುಖ್ಯವಾಗಿ ನೋಡುವುದು ಆ ಮನೆಗೆ ಎಷ್ಟು ಬಾಡಿಗೆ ಬರುತ್ತದೆ ಅನ್ನುವುದನ್ನು. ವಾಸದ ಮನೆಯ ಸಾಲಕ್ಕೆ ನೋಡುವುದು ನಿಮ್ಮ ಸಂಬಳವನ್ನು. ಸಂಬಳಕ್ಕೆ ಸಾಲ ಹುಟ್ಟದ ಕೆಲವರು ಬಾಡಿಗೆಗೆ ಅಂತ ಸಾಲ ತೆಗೆದು, ಆಮೇಲೆ ತಾವೇ ಹೋಗಿ ವಾಸ ಮಾಡುತ್ತಾರೆ. ಅದು ಸಾಲದ ಕರಾರಿನ ಉಲ್ಲಂಘನೆ. ಸ್ವಂತ ಮನೆ ಇಲ್ಲದವರು ಬಂದಾಗ ಬ್ಯಾಂಕುಗಳಿಗೆ ಈ ಅನುಮಾನ ಹುಟ್ಟುತ್ತದೆ. ಕೆಲವು ಬ್ಯಾಂಕುಗಳು ಅದಕ್ಕೇ ಬಾಗಿಲು ಹಾಕುತ್ತವೆ. ಕೆಲವು ಸಾಲ ಕೊಡುತ್ತವೆ, ಆದರೆ ಬಾಡಿಗೆಯ ಲೆಕ್ಕದ ಜೊತೆಗೆ ಸಂಬಳದ ಲೆಕ್ಕವನ್ನೂ ಹಾಕುತ್ತವೆ. ನಾನು ಕೆಲಸ ಮಾಡುವುದು ಲಂಡನ್ನಿನಲ್ಲಿ, ಮನೆ ಇರುವುದು ಡರ್ಬಿಯಲ್ಲಿ. ದಿನಾ ಓಡಾಡಿ ಕೆಲಸ ಮಾಡುವ ದೂರ ಅಲ್ಲ. ಅದೇ ನನ್ನ ಬಲ ಅಂತ ಅವರು ಹೇಳಿದಾಗ ಮನಸ್ಸಿಗೆ ಧೈರ್ಯ ಬಂತು. ನನ್ನ ಕೆಲಸದ ಕಾಂಟ್ರಾಕ್ಟನ್ನೂ ರೂಮಿನ ಬಾಡಿಗೆ ಕರಾರನ್ನೂ ಅರ್ಜಿಯ ಜೊತೆಗೇ ಕಳಿಸಿದರು.

ಇನ್ನೊಂದು ಮಾತು ಮೃದುವಾಗಿಯೇ ಹೇಳಿದರು. ಸುಮ್ನೆ ಕಂಡಕಂಡ ಬ್ಯಾಂಕಿಗೆ ಪೂರ್ತಿ ಅರ್ಜಿ ಹಾಕುತ್ತಾ ಹೋಗಬೇಡಿ, ಪ್ರತಿ ಅರ್ಜಿಗೂ ಬ್ಯಾಂಕು ಮಾಡುವ ಪೂರ್ತಿ ತಪಾಸಣೆ, ಅಂದರೆ ಹಾರ್ಡ್ ಸರ್ಚ್, ನಿಮ್ಮ ಸಾಲದ ಇತಿಹಾಸದ ಕ್ರೆಡಿಟ್ ಫೈಲಿನಲ್ಲಿ ಗುರುತು ಬಿಡುತ್ತದೆ ಅಂತ. ನಾನು ಆ ವಾರ ಇನ್ನೆರಡು ಕಡೆ ಅರ್ಜಿ ಹಾಕುವವಳಿದ್ದೆ.

ಈಗ ಆ ಮೂರನೇ ಪ್ರಶ್ನೆಗೆ ಬರುತ್ತೇನೆ. ನನ್ನ ಹೆಸರಿನಲ್ಲಿ ಎಲ್ಲೂ ಮನೆ ಇರಲಿಲ್ಲ. "ಇಲ್ಲ" ಅಂದೆ. "ಸದ್ಯದಲ್ಲೇ ಬರುವುದಿದೆಯಾ?" ಅಂತ ಮತ್ತೆ ಕೇಳಿದರು. ಆಗ ನೆನಪಾಯಿತು. ಅಪ್ಪ ಊರಿನ ಮನೆಯನ್ನು ಅಣ್ಣನಿಗೂ ನನಗೂ ಸಮಪಾಲಾಗಿ ದಾನಪತ್ರ ಮಾಡಲು ಹೊರಟಿದ್ದರು. ಮುಂದಿನ ತಿಂಗಳೇ ರಿಜಿಸ್ಟ್ರೇಷನ್. ನನ್ನ ಅರ್ಧ ಪಾಲಿನ ಬೆಲೆ 40,000 ಪೌಂಡ್ ದಾಟುತ್ತಿತ್ತು.

ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವ ದಿನ ನಿಮ್ಮ ಹತ್ತಿರ ಇನ್ನೊಂದು ಮನೆಯೋ ಮನೆಯಲ್ಲಿ ಪಾಲೋ ಇದ್ದು, ಅದರ ಬೆಲೆ 40,000 ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಬಾಡಿಗೆಗೆ ಕೊಳ್ಳುವ ಮನೆಯ ಪೂರ್ತಿ ಬೆಲೆಯ ಮೇಲೆ 5% ಹೆಚ್ಚುವರಿ ಸ್ಟ್ಯಾಂಪ್ ಡ್ಯೂಟಿ ಬೀಳುತ್ತದೆ. 2024ರ ಅಕ್ಟೋಬರ್ 31ಕ್ಕಿಂತ ಮೊದಲು ಇದು 3% ಇತ್ತು. ಆ ಇನ್ನೊಂದು ಮನೆ ಯಾವ ದೇಶದಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ. ಮದುವೆಯಾಗಿ ಒಟ್ಟಿಗೆ ಇರುವವರಾದರೆ ಗಂಡನ ಅಥವಾ ಹೆಂಡತಿಯ ಹೆಸರಿನ ಮನೆಯೂ ಸೇರುತ್ತದೆ. ನಮ್ಮವರಲ್ಲಿ ಎಷ್ಟು ಜನರಿಗೆ ಊರಿನಲ್ಲಿ ಪಾಲು ಇರುತ್ತದೆ, ಯೋಚಿಸಿ ನೋಡಿ. ಅಪ್ಪ ತೀರಿಕೊಂಡ ಮೇಲೆ ಬಂದ ಪಾಲು, ಯಾವತ್ತೋ ಬುಕ್ ಮಾಡಿದ ಫ್ಲ್ಯಾಟು, ಯಾವುದನ್ನೂ ಮರೆತುಬಿಡುವಂತಿಲ್ಲ.

ನಾನು ಕೊಂಡ ಮನೆಯ ಬೆಲೆ 1,48,000 ಪೌಂಡ್. ಮೊದಲ 1,25,000ಕ್ಕೆ ಸ್ಟ್ಯಾಂಪ್ ಡ್ಯೂಟಿ ಇಲ್ಲ. ಉಳಿದ 23,000ಕ್ಕೆ 2%, ಅಂದರೆ 460 ಪೌಂಡ್. ದಾನಪತ್ರ ಮೊದಲೇ ಆಗಿದ್ದರೆ ಇದರ ಮೇಲೆ 7,400 ಸೇರುತ್ತಿತ್ತು. ಅಂದೇ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. "ಮೂರು ನಾಲ್ಕು ತಿಂಗಳು ತಡೆಯಿರಿ" ಅಂದೆ. ಅವರಿಗೆ ಮೊದಲು ಬೇಸರವಾಯಿತು, ಒಳ್ಳೆಯ ದಿನ ಗೊತ್ತು ಮಾಡಿದ್ದರು. ಲೆಕ್ಕ ಹೇಳಿದ ಮೇಲೆ ಒಪ್ಪಿದರು. ಬ್ರೋಕರ್ ಇದನ್ನು ಬಾಯಿಮಾತಿಗೆ ಬಿಡಲಿಲ್ಲ. "ನಾನು ತೆರಿಗೆ ಸಲಹೆಗಾರ ಅಲ್ಲ, ಸಾಲಿಸಿಟರ್ ಹತ್ತಿರ ಬರವಣಿಗೆಯಲ್ಲಿ ಖಾತ್ರಿ ಮಾಡಿಕೊಳ್ಳಿ" ಅಂದರು. ಹಾಗೇ ಮಾಡಿದೆ. ಈ ದರಗಳು ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡಿನವು. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತೆರಿಗೆಯೇ ಬೇರೆ.

ಎರಡನೇ ಫೋನ್ ಕರೆ ಸಂತೋಷ ಕೊಡಲಿಲ್ಲ. ಆದರೆ ಅವರ ಮೇಲೆ ನನಗೆ ನಂಬಿಕೆ ಕೂತಿದ್ದು ಆವತ್ತೇ. ಮೊದಲ ಸಲ ಕೊಳ್ಳುವವರಿಗೆ ಸರ್ಕಾರ ಕೊಡುವ ಸ್ಟ್ಯಾಂಪ್ ಡ್ಯೂಟಿ ವಿನಾಯಿತಿ ನಿಮಗೆ ಸಿಗುವುದಿಲ್ಲ, ಅದು ತಾನೇ ವಾಸಿಸಲು ಕೊಳ್ಳುವವರಿಗೆ ಮಾತ್ರ ಅಂದರು. ನನ್ನ ಬೆಲೆಗೆ ಅದರಿಂದ ಹೋಗಿದ್ದು 460 ಪೌಂಡ್ ಅಷ್ಟೇ. ದೊಡ್ಡ ಪೆಟ್ಟು ಬೇರೆ ಇತ್ತು. ನಾಲ್ಕು ವರ್ಷದಿಂದ ಲೈಫ್‌ಟೈಮ್ ಐಸಾದಲ್ಲಿ (ಮೊದಲ ವಾಸದ ಮನೆಗೆ ಅಥವಾ ವಯಸ್ಸಾದ ಮೇಲಿನ ಖರ್ಚಿಗೆ ಅಂತ ಇರುವ ಉಳಿತಾಯ ಖಾತೆ) ವರ್ಷಕ್ಕೆ 4,000ದಂತೆ ಉಳಿಸಿದ್ದೆ. 16,000 ನನ್ನದು, ಸರ್ಕಾರದ 25% ಬೋನಸ್ 4,000. ಒಟ್ಟು 20,000. ಆ ದುಡ್ಡನ್ನು ಬಾಡಿಗೆ ಮನೆಗೆ ಬಳಸುವಂತಿಲ್ಲ. ತೆಗೆದರೆ 25% ದಂಡ, ಅಂದರೆ 5,000. ಕೈಗೆ ಬರುವುದು 15,000. ಬೋನಸ್ಸೂ ಹೋಯಿತು, ನನ್ನ ಸ್ವಂತದ ಸಾವಿರವೂ ಹೋಯಿತು.

ಅಲ್ಲಿಗೇ ಮುಗಿಯಲಿಲ್ಲ. ಒಮ್ಮೆ ಈ ಮನೆ ಕೊಂಡರೆ ನಾನು ಮತ್ತೆಂದೂ "ಮೊದಲ ಸಲ ಕೊಳ್ಳುವವಳು" ಅಲ್ಲ. ನಾಳೆ ನಾನು ವಾಸಿಸಲು ಮನೆ ಕೊಳ್ಳುವಾಗ ಈ ಐಸಾ ದುಡ್ಡು ಕೆಲಸಕ್ಕೆ ಬರುವುದಿಲ್ಲ. ದಂಡ ಇಲ್ಲದೆ ತೆಗೆಯಬೇಕಾದರೆ 60 ವರ್ಷ ತುಂಬಬೇಕು. ವಾಸದ ಮನೆ ಕೊಳ್ಳುವ ದಿನ ಈ ಮನೆ ಇನ್ನೂ ಇದ್ದರೆ 5% ಹೆಚ್ಚುವರಿ ತೆರಿಗೆಯೂ ಬೀಳುತ್ತದೆ. ಬ್ರೋಕರ್ ಇಷ್ಟನ್ನೂ ಒಂದು ಇಮೇಲಿನಲ್ಲಿ ಬರೆದು ಕಳಿಸಿದರು. ಕೊನೆಯ ಸಾಲು ಹೀಗಿತ್ತು: "ಒಂದು ವಾರ ಯೋಚಿಸಿ. ಬೇಡ ಅನ್ನಿಸಿದರೆ ನನಗೆ ಏನೂ ಕೊಡಬೇಕಿಲ್ಲ."

ಆ ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ವಾರ್ಡಿನಲ್ಲಿ ಊಟದ ಬಿಡುವಿನಲ್ಲಿ ಹಾಳೆ ಮೇಲೆ ಲೆಕ್ಕ ಹಾಕುತ್ತಿದ್ದೆ. ಲಂಡನ್ನಿನಲ್ಲಿ ನಾನು ವಾಸಕ್ಕೆ ಮನೆ ಕೊಳ್ಳುತ್ತೇನಾ? ಲೈಫ್‌ಟೈಮ್ ಐಸಾಗೆ ಮನೆಯ ಬೆಲೆಯ ಮಿತಿ 4,50,000. ಅಷ್ಟು ಬೆಲೆಯ ಮನೆಗೆ ನನ್ನ ಸಂಬಳದಲ್ಲಿ ಸಾಲ ಸಿಗುವ ದಿನ ಕಾಣುತ್ತಿರಲಿಲ್ಲ. ಐಸಾವನ್ನು ಮುಟ್ಟದೆ, ವಯಸ್ಸಾದ ಮೇಲಿನ ಖರ್ಚಿಗೆ ಅಂತ ಬಿಟ್ಟೆ. ಬೇರೆ ಉಳಿತಾಯದಿಂದ ಡೆಪಾಸಿಟ್ ಹೊಂದಿಸಿದೆ. ಈ ತೀರ್ಮಾನ ನನ್ನದು. ನಿಮಗೆ ಎರಡು ಮೂರು ವರ್ಷದಲ್ಲಿ ಸ್ವಂತ ವಾಸದ ಮನೆ ಕೊಳ್ಳುವ ಸಾಧ್ಯತೆ ಇದ್ದರೆ ದಯವಿಟ್ಟು ಬಾಡಿಗೆ ಮನೆಯಿಂದ ಶುರು ಮಾಡಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ.

ಡೆಪಾಸಿಟ್ 25%, ಅಂದರೆ 37,000. ಸಾಲ 1,11,000. ಬಡ್ಡಿ ಮಾತ್ರ ಕಟ್ಟುವ ಸಾಲ. ಬೈ-ಟು-ಲೆಟ್ ಸಾಲಗಳಲ್ಲಿ ಇದೇ ಜಾಸ್ತಿ. ಅಸಲು ಹಾಗೇ ಉಳಿಯುತ್ತದೆ, ಅವಧಿ ಮುಗಿದಾಗ ಮನೆ ಮಾರಿಯೋ ಬೇರೆ ದುಡ್ಡಿನಿಂದಲೋ ತೀರಿಸಬೇಕು. ಇದು ಗೊತ್ತಿದ್ದೇ ಸಹಿ ಹಾಕಬೇಕು.

ಮೊದಲು ನಾನು ಕೇಳಿದ್ದು ಎರಡು ವರ್ಷದ ಫಿಕ್ಸ್, ಅಂದರೆ ಎರಡು ವರ್ಷ ಬಡ್ಡಿ ದರ ಬದಲಾಗದ ಸಾಲ, 5% ಬಡ್ಡಿಗೆ. ಲೆಟ್ಟಿಂಗ್ ಏಜೆಂಟ್ ತಿಂಗಳಿಗೆ 850 ಬಾಡಿಗೆ ಬರುತ್ತದೆ ಅಂದಿದ್ದರು. ಬ್ಯಾಂಕಿನ ಸರ್ವೇಯರ್ ಬಂದು ನೋಡಿ 775 ಅಂತ ಬರೆದರು. ಬ್ಯಾಂಕು ನಂಬುವುದು ಸರ್ವೇಯರ್ ಮಾತನ್ನು ಮಾತ್ರ. ಈ 75 ಪೌಂಡಿನಿಂದ ಏನಾಯಿತು ನೋಡಿ. ನಾನು ಕಟ್ಟುವುದು 5% ಆದರೂ ಬ್ಯಾಂಕು ಲೆಕ್ಕ ಹಾಕುವುದು ಬಡ್ಡಿ ಏರಿದರೆ ಅಂತ ಎರಡು ಪರ್ಸೆಂಟ್ ಸೇರಿಸಿ, 7%ಗೆ. ಆ ಬಡ್ಡಿ ತಿಂಗಳಿಗೆ 647 ಪೌಂಡ್ ಚಿಲ್ಲರೆ. ಬಾಡಿಗೆ ಅದರ 125% ಇರಬೇಕು, ಅಂದರೆ ಸುಮಾರು 809. ಜಾಸ್ತಿ ತೆರಿಗೆ ದರದವರಿಗೆ ಸಾಮಾನ್ಯವಾಗಿ 145% ಕೇಳುತ್ತಾರೆ. ನನ್ನ 775 ಸಾಲಲಿಲ್ಲ. ಸಾಲ 1,06,000ಕ್ಕೆ ಇಳಿಯುತ್ತಿತ್ತು. ಉಳಿದ ಸುಮಾರು 5,000 ಎಲ್ಲಿಂದ ತರಲಿ?

ಬ್ರೋಕರ್ ಅದೇ ಮಧ್ಯಾಹ್ನ ಐದು ವರ್ಷದ ಫಿಕ್ಸ್‌ಗೆ ಬದಲಾಯಿಸಿದರು. ಬ್ಯಾಂಕುಗಳ ಮೇಲೆ ನಿಗಾ ಇಡುವ ಪ್ರುಡೆನ್ಶಿಯಲ್ ರೆಗ್ಯುಲೇಷನ್ ಅಥಾರಿಟಿಯ ನಿಯಮದಲ್ಲಿ, ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಬಡ್ಡಿ ಗಟ್ಟಿಯಾಗಿರುವ ಸಾಲಕ್ಕೆ ಆ ಏರಿಕೆಯ ಪರೀಕ್ಷೆ ಬೇಕಿಲ್ಲ. ಹಾಗಾಗಿ ಬ್ಯಾಂಕು 5.2% ಅಸಲಿ ದರಕ್ಕೇ ಲೆಕ್ಕ ಹಾಕಿತು. ತಿಂಗಳ ಬಡ್ಡಿ 481, ಬೇಕಾದ ಬಾಡಿಗೆ ಸುಮಾರು 601. ಆರಾಮವಾಗಿ ದಾಟಿದೆ. ಕೆಲಸ ಗೊತ್ತಿರುವವರು ಪಕ್ಕದಲ್ಲಿದ್ದರೆ ಎಷ್ಟು ವ್ಯತ್ಯಾಸ ಅಂತ ಆವತ್ತು ಅರ್ಥವಾಯಿತು. ಇದರ ಇನ್ನೊಂದು ಮುಖವನ್ನೂ ಅವರೇ ಹೇಳಿದರು. ಐದು ವರ್ಷದೊಳಗೆ ಸಾಲ ತೀರಿಸಿದರೆ ದಂಡ ಇದೆ. ಮೊದಲ ವರ್ಷ 5%, ಆಮೇಲೆ ವರ್ಷಕ್ಕೊಂದು ಪರ್ಸೆಂಟ್ ಇಳಿಯುತ್ತದೆ. ಮೊದಲ ವರ್ಷವೇ ಮಾರಬೇಕಾಗಿ ಬಂದರೆ 5,550 ಪೌಂಡ್ ಹೋಗುತ್ತದೆ.

ಇನ್ನು ನನಗೆ ಕೋಪ ಬರಿಸಿದ ವಿಷಯ. ನನ್ನ ಡೆಪಾಸಿಟ್ಟಿನಲ್ಲಿ 6,000 ಅಣ್ಣ ಕೊಟ್ಟಿದ್ದು. ಮೊದಲ ವಾರವೇ ಇದನ್ನು ಹೇಳಿದ್ದೆ. "ಆಮೇಲೆ ನೋಡೋಣ" ಅಂದರು. ಅರ್ಜಿ ಬ್ಯಾಂಕಿಗೆ ಹೋದ ಮೇಲೆ ಕಾಗದಗಳು ಒಂದೊಂದಾಗಿ ಬೇಕಾದವು. ಅಣ್ಣ ಸಹಿ ಮಾಡಿದ ಗಿಫ್ಟ್ ಲೆಟರ್ ಬೇಕು, ಅದರಲ್ಲಿ ಇದು ಸಾಲ ಅಲ್ಲ, ಮನೆಯಲ್ಲಿ ತನಗೆ ಹಕ್ಕಿಲ್ಲ ಅಂತ ಇರಬೇಕು. ಅಣ್ಣನ ಪಾಸ್‌ಪೋರ್ಟ್ ಪ್ರತಿ ಬೇಕು. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು. ಆ ದುಡ್ಡು ಅಣ್ಣನಿಗೆ ಎಲ್ಲಿಂದ ಬಂತು ಅನ್ನುವುದಕ್ಕೂ ಪುರಾವೆ ಬೇಕು. ದುಡ್ಡಿನ ಮೂಲ ಪರೀಕ್ಷಿಸುವುದು ಕಾನೂನಿನ ಕೆಲಸ, ಅದರ ಬಗ್ಗೆ ತಕರಾರಿಲ್ಲ. ಮೊದಲೇ ಪಟ್ಟಿ ಕೊಟ್ಟಿದ್ದರೆ ಮೊದಲೇ ತರಿಸುತ್ತಿದ್ದೆ. ಹದಿನಾರು ದಿನ ಹಾಳಾಯಿತು. ಮಾರುವವರ ಏಜೆಂಟ್ ದಿನ ಬಿಟ್ಟು ದಿನ ಫೋನ್ ಮಾಡಿ, ಬೇರೆಯವರಿಗೆ ಕೊಡಬೇಕಾಗುತ್ತದೆ ಅನ್ನುತ್ತಿದ್ದರು. ಅದೇ ಹೊತ್ತಿಗೆ ನನ್ನ ಬ್ರೋಕರ್ ರಜೆ ಮೇಲೆ ಹೋದರು. ಒಂಬತ್ತು ದಿನ ನನ್ನ ಇಮೇಲಿಗೆ ಉತ್ತರವಿಲ್ಲ. ಅವರ ಆಫೀಸಿನಲ್ಲಿ ಬೇರೆ ಯಾರಿಗೂ ನನ್ನ ಫೈಲ್ ಗೊತ್ತಿರಲಿಲ್ಲ. ಒಂದೇ ಪೇಸ್ಲಿಪ್ಪನ್ನು ಅವರ ಪೋರ್ಟಲ್ಲಿಗೆ ಮೂರು ಸಲ ಹಾಕಿದೆ. ಒಬ್ಬರು ರಜೆ ಹೋದರೆ ಕೆಲಸ ನಿಲ್ಲಬಾರದು. ಆಸ್ಪತ್ರೆಯಲ್ಲಿ ನಾವು ಹ್ಯಾಂಡೋವರ್ ಕೊಡದೆ ವಾರ್ಡ್ ಬಿಡುವುದಿಲ್ಲ. ಇಲ್ಲೂ ಅದು ಇರಬೇಕಿತ್ತು. ವಾಪಸ್ ಬಂದ ಮೇಲೆ ಕ್ಷಮೆ ಕೇಳಿದರು, ಫೀಸಿನಲ್ಲಿ ಏನೂ ಕಡಿಮೆ ಮಾಡಲಿಲ್ಲ.

ಖರ್ಚು ಹೇಳಿಬಿಡುತ್ತೇನೆ. ಬ್ರೋಕರ್ ಫೀಸು 495. ಬ್ಯಾಂಕಿನ ಅರೇಂಜ್‌ಮೆಂಟ್ ಫೀಸು 1,295. ಇದನ್ನು ಸಾಲಕ್ಕೇ ಸೇರಿಸಬಹುದಿತ್ತು, ಆದರೆ ಐದು ವರ್ಷಕ್ಕೆ ಅದರ ಮೇಲೆ ಸುಮಾರು 337 ಬಡ್ಡಿ ಆಗುತ್ತದೆ, ಅದಕ್ಕೆ ಕೈಯಿಂದಲೇ ಕಟ್ಟಿದೆ. ವ್ಯಾಲ್ಯುಯೇಷನ್ 300, ಸಾಲಿಸಿಟರ್ ಮತ್ತು ಮನೆಯ ದಾಖಲೆಗಳ ಸರ್ಚ್‌ಗಳು 1,350, ಸ್ಟ್ಯಾಂಪ್ ಡ್ಯೂಟಿ 460. ಒಟ್ಟು 3,900, ಡೆಪಾಸಿಟ್ ಬಿಟ್ಟು. ಬ್ಯಾಂಕಿನಿಂದಲೂ ತಮಗೆ ಕಮಿಷನ್ ಬರುತ್ತದೆ ಅಂತ ಬ್ರೋಕರ್ ಮೊದಲೇ ಕಾಗದದಲ್ಲಿ ತಿಳಿಸಿದ್ದರು. ಯಾರ ಹತ್ತಿರ ಹೋದರೂ ಇದನ್ನು ಕೇಳಿ. ಕಂಪನಿ ನಿಜವಾದದ್ದಾ ಅಂತ ಎಫ್‌ಸಿಎ (ಹಣಕಾಸು ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆ) ರಿಜಿಸ್ಟರಿನಲ್ಲಿ ನೋಡಿಕೊಳ್ಳಿ. ಆದರೆ ಒಂದು ವಿಷಯ ನೆನಪಿರಲಿ. ಬೈ-ಟು-ಲೆಟ್ ಸಾಲಗಳಲ್ಲಿ ಹೆಚ್ಚಿನವು ಎಫ್‌ಸಿಎ ನಿಯಂತ್ರಣದಲ್ಲಿ ಇಲ್ಲ. ವಾಸದ ಮನೆಯ ಸಾಲಕ್ಕೆ ಇರುವ ರಕ್ಷಣೆ ಇಲ್ಲಿ ಇರುವುದಿಲ್ಲ.

ಮೇ ತಿಂಗಳಲ್ಲಿ ಶುರುವಾಗಿ 2025ರ ಸೆಪ್ಟೆಂಬರಿನಲ್ಲಿ ಕೀ ಕೈಗೆ ಬಂತು. ಮನೆಯ ಎನರ್ಜಿ ಸರ್ಟಿಫಿಕೇಟ್ (ಇಂಧನ ಎಷ್ಟು ಉಳಿಸುತ್ತದೆ ಅನ್ನುವ ದರ್ಜೆ, ಎ ಎಲ್ಲಕ್ಕಿಂತ ಒಳ್ಳೆಯದು) ಡಿ ಇತ್ತು. ಬಾಡಿಗೆಗೆ ಕನಿಷ್ಠ ಇ ಇರಬೇಕು. ಗ್ಯಾಸ್ ತಪಾಸಣೆ ವರ್ಷಕ್ಕೊಮ್ಮೆ, ಕರೆಂಟ್ ತಪಾಸಣೆ ಐದು ವರ್ಷಕ್ಕೊಮ್ಮೆ. ಕೆಲವು ಕೌನ್ಸಿಲ್‌ಗಳಲ್ಲಿ ಬಾಡಿಗೆಗೆ ಕೊಡಲು ಲೈಸೆನ್ಸ್ ಬೇಕು, ಬೀದಿಯ ಹೆಸರು ಹಾಕಿ ಮೊದಲೇ ವಿಚಾರಿಸಿ. ಬಾಡಿಗೆ ಕೊನೆಗೆ 795ಕ್ಕೆ ನಿಂತಿತು. ಏಜೆಂಟ್ ಹೇಳಿದ 850 ಅಲ್ಲ, ಸರ್ವೇಯರ್ ಹೇಳಿದ 775ಕ್ಕೇ ಹತ್ತಿರ. ಬಾಡಿಗೆದಾರರ ಡೆಪಾಸಿಟ್ ಐದು ವಾರದ ಬಾಡಿಗೆಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. 917 ಪೌಂಡ್ ತೆಗೆದುಕೊಂಡು 30 ದಿನದೊಳಗೆ ಸರ್ಕಾರ ಒಪ್ಪಿದ ಸ್ಕೀಮಿನಲ್ಲಿ ಇಟ್ಟೆವು. 2026ರ ಮೇ 1ರಿಂದ ಕಾರಣ ಕೊಡದೆ ಬಾಡಿಗೆದಾರರನ್ನು ಬಿಡಿಸುವ ಸೆಕ್ಷನ್ 21 ನೋಟಿಸ್ ಇರುವುದಿಲ್ಲ. ನಾನೇ ಇಷ್ಟು ವರ್ಷ ಬಾಡಿಗೆ ರೂಮಿನಲ್ಲಿದ್ದವಳು. ಈ ಬದಲಾವಣೆ ಒಳ್ಳೆಯದೇ ಅನ್ನಿಸುತ್ತದೆ.

ತಿಂಗಳಿಗೆ ಏನು ಉಳಿಯುತ್ತದೆ ಅಂತ ಎಲ್ಲರೂ ಕೇಳುತ್ತಾರೆ. 795ರಲ್ಲಿ ಬಡ್ಡಿ 481, ಏಜೆಂಟಿಗೆ ವ್ಯಾಟ್ ಸೇರಿ 95, ಇನ್ಶೂರೆನ್ಸ್ 18. ಉಳಿದಿದ್ದು 201. ತೆರಿಗೆಯಲ್ಲಿ ಬಡ್ಡಿಯನ್ನು ಆದಾಯದಿಂದ ಕಳೆಯಲು ಈಗ ಬಿಡುವುದಿಲ್ಲ, ಬಡ್ಡಿಯ 20% ಮಾತ್ರ ತೆರಿಗೆಯಲ್ಲಿ ಕಡಿಮೆ ಮಾಡುತ್ತಾರೆ. 2020ರ ಏಪ್ರಿಲ್‌ನಿಂದ ಇದು ಪೂರ್ತಿ ಜಾರಿಯಲ್ಲಿದೆ. ನನ್ನಂತೆ 20% ದರದವರಿಗೆ ಕೊನೆಗೆ ಒಂದೇ ಆಗುತ್ತದೆ, ತಿಂಗಳಿಗೆ 40 ಪೌಂಡ್ ತೆರಿಗೆ. ಬಾಡಿಗೆ ಸೇರಿ ಆದಾಯ 50,270 ದಾಟಿ 40% ದರಕ್ಕೆ ಹೋದವರಿಗೆ ಪೆಟ್ಟು ಜೋರು. ಅಲ್ಲಿಗೆ ಕೈಯಲ್ಲಿ ಸುಮಾರು 160. ನವೆಂಬರಿನಲ್ಲಿ ಬಾಯ್ಲರ್ ಕೆಟ್ಟಿತು, ರಿಪೇರಿ 280. ಮನೆಯಲ್ಲಿ ಮಗು ಇತ್ತು, ಹೊರಗೆ ಚಳಿ. ಬೆಳಿಗ್ಗೆ ಫೋನ್ ಬಂತು, ಸಂಜೆಗೆ ಸರಿ ಮಾಡಿಸಿದೆ. ಎರಡು ತಿಂಗಳ ಉಳಿತಾಯ ಅದಕ್ಕೇ ಹೋಯಿತು. ಕನಿಷ್ಠ ಮೂರು ತಿಂಗಳ ಬಡ್ಡಿಯಷ್ಟು ದುಡ್ಡು ಪಕ್ಕಕ್ಕೆ ಇಡಿ ಅಂತ ಬ್ರೋಕರ್ ಹೇಳಿದ್ದನ್ನು ಕೇಳಿದ್ದು ಒಳ್ಳೆಯದಾಯಿತು.

ಸಲಹೆಗೆ ಐದರಲ್ಲಿ ಐದು ಸ್ಟಾರ್. ಕಾಗದಪತ್ರ ನಡೆಸಿದ ರೀತಿಗೆ ಎರಡು. ಒಟ್ಟಾರೆ ನಾಲ್ಕು ಕೊಡುತ್ತೇನೆ, ಯಾಕೆಂದರೆ ಬೇಡ ಅನ್ನುವ ದಾರಿಯನ್ನೂ ಅವರು ನನಗೆ ತೆರೆದೇ ಇಟ್ಟಿದ್ದರು. 495 ಪೌಂಡ್ ಕೊಟ್ಟಿದ್ದಕ್ಕೆ ಬೇಸರವಿಲ್ಲ.

ಡಿಸೆಂಬರಿನಲ್ಲಿ ರಜೆಗೆ ಊರಿಗೆ ಹೋಗಿದ್ದೆ. ಅಪ್ಪ ಮತ್ತೆ ದಿನ ನೋಡಿಸಿ ದಾನಪತ್ರ ರಿಜಿಸ್ಟರ್ ಮಾಡಿಸಿದರು. ಸಬ್ ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲೆ ಕೂತು ಕಾಯುವಾಗ, "ಆ ನಿನ್ನ ಬ್ರೋಕರಿಗೆ ನನ್ನ ಕಡೆಯಿಂದ ಥ್ಯಾಂಕ್ಸ್ ಹೇಳು" ಅಂದರು. ಹೇಳಿದ್ದೇನೆ.